ಮೂವತ್ತು ದಿನದೊಳಗಿನ ಸೊನ್ನೆ

ದಾಖಲೆ ವಿಭಾಗ, ಮಕ್ಕಳ ಆಸ್ಪತ್ರೆ
ಹುಬ್ಬಳ್ಳಿ, 6 ಜುಲೈ 2009

ಚಿಮ್ಮಡದ ಶ್ರೀ ಸೋಮಲಿಂಗ ಅವರಿಗೆ ನಮಸ್ಕಾರ.

ನಾನು ಅನುರಾಧಾ. ಈ ಆಸ್ಪತ್ರೆಯಲ್ಲಿ ರೋಗಿಗಳ ದಾಖಲೆ ಇಡುವ ಕೆಲಸ ನನ್ನದು. ನಿಮ್ಮ ಮಗಳು ಪ್ರೀತಿಗೆ ಕಳೆದ ಮಾರ್ಚ್ 9ರಂದು ಡಾ. ಪರಮೇಶ ಅವರು ಮಿದುಳಿನ ಆಪರೇಷನ್ ಮಾಡಿದ್ದರು. ಆಗ ಅವಳಿಗೆ ಎರಡು ವರ್ಷ ಎರಡು ತಿಂಗಳು. ತಲೆಯಲ್ಲಿ ತುಂಬುತ್ತಿದ್ದ ನೀರು ಹೊಟ್ಟೆಗೆ ಇಳಿದುಹೋಗಲಿ ಎಂದು ಚರ್ಮದೊಳಗೆ ತೆಳ್ಳಗಿನ ನಳಿಗೆ ಕೂಡಿಸಿ, ಕಿವಿಯ ಹಿಂದೆ ಒಂದು ವಾಲ್ವ್ ಇಟ್ಟಿದ್ದೆವು. ತಿಂಗಳ ಕೊನೆಗೆ ತೋರಿಸಲು ಬರಬೇಕೆಂದು ಚೀಟಿ ಕೊಟ್ಟಿದ್ದೆವು. ನೀವು ಬರಲಿಲ್ಲ.

ಈ ವರ್ಷದಿಂದ ನಮ್ಮಲ್ಲಿ ಹೊಸದೊಂದು ಎಣಿಕೆ ಆರಂಭವಾಗಿದೆ. ಮಿದುಳಿನ ಆಪರೇಷನ್ ಆದ ಪ್ರತಿ ಮಗುವಿನ ಹೆಸರಿನ ಮುಂದೆ, ಮೂವತ್ತು ದಿನದೊಳಗೆ ಮತ್ತೆ ಆಪರೇಷನ್ ಮಾಡಬೇಕಾಯಿತೇ, ಮಾಡಿದ್ದರೆ ಏಕೆ ಎಂದು ಬರೆದಿಡುತ್ತೇವೆ. ನಮ್ಮ ಆರೈಕೆ ಹೇಗಿದೆಯೆಂದು ನಾವೇ ಅಳೆದುಕೊಳ್ಳುವ ದಾರಿ ಇದು. ಪ್ರೀತಿ ಈಗ ಹೇಗಿದ್ದಾಳೆ, ಆಮೇಲೆ ಬೇರೆಲ್ಲಾದರೂ ಆಪರೇಷನ್ ಆಯಿತೇ ಎಂದು ದಯವಿಟ್ಟು ತಿಳಿಸಿ. ಅಂಚೆಚೀಟಿ ಹಚ್ಚಿದ ಲಕೋಟೆ ಇದರೊಳಗಿದೆ.

ಅನುರಾಧಾ


ಚಿಮ್ಮಡ, 19 ಜುಲೈ 2009

ಅನುರಾಧಾ ಬಾಯಾರಿಗೆ,

ನಿಮ್ಮ ಕಾಗದ ಮುಟ್ಟಿತು. ಮುಟ್ಟಿ ಸುಮ್ಮನಿರಲಿಲ್ಲ, ಮನೆಯಲ್ಲಿ ರಣರಂಪ ಎಬ್ಬಿಸಿತು. ನಮ್ಮೂರ ಪೋಸ್ಟ್‌ಮನ್ ಲಗಮಪ್ಪನಿಗೆ ಲಕೋಟೆಯ ಮೇಲಿನ ಹೆಸರನ್ನು ಓಣಿಗೆಲ್ಲ ಕೇಳುವಂತೆ ಕೂಗಿ ಓದುವ ಚಟ. ನೀವು ಮಗುವಿನ ಹೆಸರು ಹಾಕಿ, ಕೆಳಗೆ ನನ್ನ ಹೆಸರು ಬರೆದಿದ್ದಿರಿ. ಅವನು ಕೂಗಿದ್ದೇ ತಡ, ನನ್ನ ತಾಯಿ ಹಣಮವ್ವ ಕೈಯಲ್ಲಿದ್ದ ತಂಬಿಗೆಯ ನೀರನ್ನು ಅವನ ಕಾಲಿಗೆ ಚೆಲ್ಲಿ, "ಆ ಹೆಸರು ಈ ಹೊಸ್ತಿಲದಾಗ ಮತ್ತ ತಗದಿ ಅಂದ್ರ ನಿನ್ನ ನಾಲಿಗಿ ಕಿತ್ತೇನು ನೋಡಲೇ" ಎಂದಳು. ನನ್ನ ಹೆಂಡತಿ ಸಾವಿತ್ರೆವ್ವ ಒಳಗೆ ಹೋಗಿ ಕದ ಹಾಕಿಕೊಂಡಳು. ಆ ಹೊತ್ತು ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಇನ್ನು ಮುಂದೆ ಆ ಹೆಸರಿನಲ್ಲಿ ನಮ್ಮ ಮನೆಗೆ ಕಾಗದ ಬರೆಯಬೇಡಿ.

ನಾನು ಹೊಳೆಯ ಗೇಜು ಓದುವವನು. ದಿನಾ ಮುಂಜಾನೆ ಸೈಕಲ್ ತುಳಿದು ಹೋಗಿ, ನೀರು ಎಷ್ಟರ ಗೆರೆಗೆ ಮುಟ್ಟಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯುತ್ತೇನೆ. ಹನ್ನೊಂದು ವರ್ಷದಿಂದ ಇದೇ ಕೆಲಸ. ಯಾವಾಗಾದರೂ ಮೇಲಿನವರು ಬಂದು ನಾಲ್ಕು ತಿಂಗಳ ಹಿಂದಿನ ಅಳತೆ ಕೇಳಿದರೆಂದರೆ, ಎಲ್ಲೋ ಏನೋ ಕೆಟ್ಟಿದೆ ಎಂದೇ ಲೆಕ್ಕ. ಹಾಗಾಗಿ ನಾನೂ ಕೇಳುತ್ತೇನೆ. ಇಷ್ಟು ದಿನ ಬಿಟ್ಟು ಈಗೇಕೆ ನಮ್ಮ ನೆನಪು ಬಂತು? ತಲೆಯೊಳಗೆ ಏನಾದರೂ ಮರೆತಿದ್ದೀರಾ? ನಿಮ್ಮ ಡಾಕ್ಟರರ ಕೈ ಛಲೋ ಇದ್ದರೆ ಎಣಿಸುವ ಗರಜೇನು?

ಲಕೋಟೆ ನಿಮ್ಮದೇ, ನಿಮಗೇ ವಾಪಸು ಕಳಿಸಿದ್ದೇನೆ.

ಸೋಮಲಿಂಗ


ಹುಬ್ಬಳ್ಳಿ, 3 ಆಗಸ್ಟ್ 2009

ಸೋಮಲಿಂಗ ಅವರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೆಸರು ಬರೆದು ನಿಮ್ಮ ಮನೆಯವರನ್ನು ನೋಯಿಸಿದ್ದಕ್ಕೆ ಕ್ಷಮೆ ಇರಲಿ. ಈ ಬಾರಿ ಲಕೋಟೆಯ ಮೇಲೆ ನಿಮ್ಮೊಬ್ಬರ ಹೆಸರಷ್ಟೇ ಇದೆ.

ಏನಾಯಿತೆಂದು ನೀವು ಬರೆದಿಲ್ಲ. ಬರೆಯಲಾಗದ್ದು ಏನಿರುತ್ತದೆ ಎಂಬುದು ನನಗೆ ಅರ್ಥವಾಗುತ್ತದೆ. ಇಂಥ ಪತ್ರಗಳು ಇನ್ನೆರಡು ಮನೆಗಳಿಂದಲೂ ಬಂದಿವೆ. ನಿಮ್ಮ ದುಃಖದಲ್ಲಿ ನಾನೂ ಭಾಗಿ ಎಂದಷ್ಟೇ ಹೇಳಬಲ್ಲೆ. ಆದರೂ ಒಂದನ್ನು ಕೇಳದೆ ವಿಧಿಯಿಲ್ಲ. ಯಾವ ದಿನ ಹೀಗಾಯಿತು? ಮೊದಲು ವಾಂತಿಯಾಗುತ್ತಿತ್ತೇ, ಜ್ವರ ಬಂದಿತ್ತೇ? ಈ ಎರಡು ಮಾತು ತಿಳಿದರೆ ಮುಂದಿನ ಮಕ್ಕಳಿಗೆ ಅನುಕೂಲವಾಗುತ್ತದೆ.

ಏನಾದರೂ ಮರೆತಿದ್ದೇವೆಯೇ ಎಂದು ಕೇಳಿದ್ದೀರಿ. ನನಗೆ ಗೊತ್ತಿಲ್ಲ. ಗೊತ್ತಿಲ್ಲವಾದ್ದರಿಂದಲೇ ಪತ್ರ ಬರೆಯುತ್ತಿದ್ದೇನೆ.

ಅನುರಾಧಾ


ಚಿಮ್ಮಡ, 11 ಆಗಸ್ಟ್ 2009

ಬಾಯಾರೇ,

ಅವಳು ಸತ್ತಳೆಂದು ನಿಮಗೆ ಯಾರು ಹೇಳಿದರು? ನಾನು ಹಾಗೆ ಬರೆದಿದ್ದೆನೇ? ನನ್ನ ಕಾಗದ ತೆಗೆದು ಇನ್ನೊಮ್ಮೆ ನೋಡಿ. ಬದುಕಿರುವ ಕೂಸಿಗೆ ದುಃಖದ ಕಾಗದ ಬರೆಯುತ್ತೀರಲ್ಲ, ನಿಮಗೂ ಮಕ್ಕಳಿರಬಹುದು. ಸದ್ಯ ನನ್ನ ಕೈಗೇ ಸಿಕ್ಕಿತು. ಸಾವಿತ್ರೆವ್ವನಿಗೆ ಅಕ್ಷರ ಬರುವುದಿಲ್ಲ ಎಂಬುದಕ್ಕೆ ಜೀವನದಲ್ಲಿ ಮೊದಲ ಸಲ ಸಮಾಧಾನಪಟ್ಟೆ. ಒಲೆಗೆ ಹಾಕಿ ಸುಟ್ಟೆ.

ಮಗು ಬದುಕಿದೆ. ಉಣ್ಣುತ್ತದೆ, ಆಡುತ್ತದೆ. ನಮ್ಮ ಮನೆಯಲ್ಲಿಲ್ಲ, ಅಷ್ಟೇ. ಎಲ್ಲಿದೆ ಎಂಬುದು ನಿಮ್ಮ ಎಣಿಕೆಗೆ ಬೇಕಾಗಿಲ್ಲ. ಮತ್ತೆ ಆಪರೇಷನ್ ಆಯಿತೇ ಎಂಬುದನ್ನೂ ನಾನು ಹೇಳುವುದಿಲ್ಲ. ನೀವು ಆಸ್ಪತ್ರೆಯವರು ಒಂದು ಕೇಳಿ ಇನ್ನೊಂದಕ್ಕೆ ಬಳಸುತ್ತೀರೆಂದು ನಮ್ಮ ಓಣಿಯ ಗಿರಮಲ್ಲಪ್ಪ ಮಾಸ್ತರರು ಹೇಳುತ್ತಾರೆ. ಈ ವಿಷಯ ಇಲ್ಲಿಗೆ ಬಿಡಿ.

ಸೋಮಲಿಂಗ


ಹುಬ್ಬಳ್ಳಿ, 7 ಸೆಪ್ಟೆಂಬರ್ 2009

ಸೋಮಲಿಂಗ ಅವರೇ,

ಬಿಡುವಂತಿದ್ದರೆ ಬಿಡುತ್ತಿದ್ದೆ.

ಆಪರೇಷನ್ನಿನಲ್ಲಿ ಮಗುವಿಗೆ ಇಡುವ ಪ್ರತಿ ವಾಲ್ವಿನ ಮೇಲೂ ಒಂದು ಸಂಖ್ಯೆ ಇರುತ್ತದೆ. ಅದನ್ನು ಫೈಲಿನಲ್ಲಿ ಬರೆಯುತ್ತೇವೆ. ನಿಮ್ಮ ಮಗಳಿಗೆ ಇಟ್ಟದ್ದರ ಕೊನೆಯ ಮೂರು ಅಂಕಿ 417. ಕಳೆದ ವಾರ ಬೇರೊಂದು ಫೈಲು ನೋಡುವಾಗ ಅದೇ ಸಂಖ್ಯೆ ಕಣ್ಣಿಗೆ ಬಿತ್ತು. ಮಾರ್ಚ್ 28ರಂದು, ಎಂದರೆ ನಿಮ್ಮ ಮಗಳ ಆಪರೇಷನ್ ಆಗಿ ಹತ್ತೊಂಬತ್ತನೆಯ ದಿನ, ಬಾಡಗಂಡಿಯ ತಿಪ್ಪವ್ವ ಎಂಬ ಮಗುವಿನ ತಲೆಯಿಂದ, ಒಳಗೆ ಕಟ್ಟಿಕೊಂಡು ನೀರು ಬಿಡದಿದ್ದ ಒಂದು ವಾಲ್ವನ್ನು ಇಲ್ಲಿಯೇ ತೆಗೆದಿದ್ದಾರೆ. ತಾಯಿಯ ಹೆಸರು ಶೇವಂತಿ. ಮೊದಲ ಆಪರೇಷನ್ "ಪರ ಊರಾಗ" ಆಗಿದೆ ಎಂದು ಆಕೆ ಹೇಳಿಕೆ ಕೊಟ್ಟಿದ್ದಾಳೆ. ಅಂದು ಡಾ. ಪರಮೇಶ ರಜೆಯ ಮೇಲಿದ್ದರು, ಬೇರೆ ಡಾಕ್ಟರು ಮಾಡಿದರು. ಹೊರಗಿನ ಕೇಸೆಂದು ಬರೆದರು. ತೆಗೆದ ವಾಲ್ವಿನ ಸಂಖ್ಯೆ ಪೂರ್ತಿ ಅದೇ, ಕೊನೆಗೆ 417.

ಒಂದು ವಾಲ್ವ್ ಇಬ್ಬರು ಮಕ್ಕಳ ತಲೆಯಲ್ಲಿ ಇರಲಾರದು. ನಿಮ್ಮ ಮಗಳು ಬದುಕಿದ್ದರೆ ಅವಳದು ಬಾಡಗಂಡಿಯ ಮಗುವಿಗೆ ಹೇಗೆ ಹೋಯಿತು? ಸತ್ತ ಮಗುವಿನ ತಲೆಯಿಂದ ತೆಗೆದು ಇನ್ನೊಂದಕ್ಕೆ ಇಡುವವರು ಇದ್ದಾರೆಂದು ನಾನು ನಂಬಲು ಸಿದ್ಧಳಿರಲಿಲ್ಲ. ಈಗ ನಾಲ್ಕು ರಾತ್ರಿಯಿಂದ ನಿದ್ದೆ ಬಂದಿಲ್ಲ. ಸುಳ್ಳು ಹೇಳುತ್ತಿರುವವರು ಈ ಆಸ್ಪತ್ರೆಯೊಳಗಿದ್ದಾರೋ, ನಿಮ್ಮ ಮನೆಯೊಳಗೋ ನನಗೆ ತಿಳಿಯದು. ಇದನ್ನು ಇನ್ನೂ ಯಾರಿಗೂ ತೋರಿಸಿಲ್ಲ. ಪೊಲೀಸರಿಗೆ ತೋರಿಸುವುದಕ್ಕೆ ಮುಂಚೆ ನಿಮ್ಮನ್ನೇ ನೇರವಾಗಿ ಕೇಳುತ್ತಿದ್ದೇನೆ.

ನಿಮ್ಮ ಮಗಳು ಎಲ್ಲಿದ್ದಾಳೆ?

ಅನುರಾಧಾ


ಚಿಮ್ಮಡ, 14 ಅಕ್ಟೋಬರ್ 2009

ಅನುರಾಧಾ ಬಾಯಾರಿಗೆ,

ಉತ್ತರ ತಡವಾದದ್ದಕ್ಕೆ ಹೊಳೆಯೇ ಸಾಕ್ಷಿ. ಈ ಸಲದ ಮಳೆ, ಪ್ರವಾಹ ನಿಮಗೂ ಗೊತ್ತಿದೆ. ಹನ್ನೆರಡು ದಿನ ತಾಸಿಗೊಮ್ಮೆ ಗೇಜು ಓದಿದೆ. ಓದುತ್ತಾ ನಿಂತಾಗಲೂ ತಲೆಯಲ್ಲಿ ನಿಮ್ಮ ಪೊಲೀಸ್ ಎಂಬ ಮಾತೇ ಓಡುತ್ತಿತ್ತು. ನಿಮ್ಮ ಕಾಗದ ಎದೆಯ ಕಿಸೆಯಲ್ಲಿ ತೊಯ್ದು ಅಕ್ಷರ ಕದಡಿವೆ. ಆ ಮೂರು ಅಂಕಿ ಮಾತ್ರ ಹಾಗೇ ಉಳಿದಿವೆ.

ನೀರು ಇಳಿದ ಮೇಲೆ ಒಂದು ಊರಿಗೆ ಹೋಗಿದ್ದೆ. ಅಲ್ಲಿ ಒಂದು ಮಗುವನ್ನು ನೋಡಿದೆ. ಯಾರ ಮಗು ಎಂದು ಕೇಳಬೇಡಿ. ತಲೆ ಛಲೋ ಇದೆ, ಮಾತಾಡುತ್ತದೆ. ಆದರೆ ಹೊಟ್ಟೆ ಉಬ್ಬಿದೆ. ಸಂಜೆಯಾದರೆ ಮೈ ಬಿಸಿಯಾಗುತ್ತದೆ. ಎತ್ತಿಕೊಂಡರೆ ಹೊಟ್ಟೆ ಮುಟ್ಟಗೊಡುವುದಿಲ್ಲ. ಆ ಮನೆಯವರು, "ಜಂತ ಆಗ್ಯಾವು, ಬೆಲ್ಲ ತಿನ್ನೂದು ಭಾಳ ಆತು" ಎನ್ನುತ್ತಾರೆ. ಬೀಳಗಿಯ ಡಾಕ್ಟರು ಜಂತಿನ ಔಷಧಿಯನ್ನೇ ಕೊಟ್ಟಿದ್ದಾರೆ. ತಲೆಗೆ ಆದ ಆಪರೇಷನ್ನಿಗೂ ಹೊಟ್ಟೆಗೂ ಏನಾದರೂ ಸಂಬಂಧ ಇರುತ್ತದೆಯೇ? ಸುಮ್ಮನೆ ಕೇಳುತ್ತಿದ್ದೇನೆ.

ಉತ್ತರ ಕೊಡುವ ಮೊದಲು ಇನ್ನೊಂದನ್ನು ನೀವು ಬಾಯಿಬಿಟ್ಟು ಹೇಳಬೇಕು. ಈ ಎಣಿಕೆ ಯಾರಿಗಾಗಿ? ಯಾರೋ ಹೆಂಗಸು ಆಸ್ಪತ್ರೆಯಲ್ಲಿ ಸುಳ್ಳು ಹೆಸರು ಬರೆಸಿದಳೆಂದು ಗೊತ್ತಾದರೆ ಅವಳ ಮೇಲೆ ಕೇಸು ಹಾಕುತ್ತೀರಾ? ಗೇಜಿನ ಬುಡದಲ್ಲಿ ರಾಡಿ ಕೂತರೆ ನೀರಿನ ಅಳತೆ ತಪ್ಪುತ್ತದೆ. ನಾನು ಮೊದಲು ಇಳಿದು ರಾಡಿ ತೆಗೆಯುತ್ತೇನೆ, ಆಮೇಲೆ ಓದುತ್ತೇನೆ. ನೀವು ಹಾಗೆ ಮಾಡುವವರೋ, ಅಥವಾ ಓದಿದ್ದನ್ನು ಬರೆದುಕೊಂಡು ಮೇಲಿನವರಿಗೆ ಕಳಿಸಿ ಕೈ ತೊಳೆದುಕೊಳ್ಳುವವರೋ?

ಫೋನು ಮಾಡಬೇಡಿ. ನಮ್ಮ ಮನೆಯಲ್ಲಿ ಒಬ್ಬರಿಗೆ ಫೋನು ಬಂದರೆ ಎಲ್ಲರೂ ಕಿವಿ ಕೊಡುತ್ತಾರೆ.

ಸೋಮಲಿಂಗ


ಹುಬ್ಬಳ್ಳಿ, 17 ಅಕ್ಟೋಬರ್ 2009

ಸೋಮಲಿಂಗ ಅವರೇ,

ಆ ಮಗುವನ್ನು ತಕ್ಷಣ ಕರೆತನ್ನಿ. ಯಾವ ಹೆಸರಿನಿಂದಾದರೂ ಕರೆತನ್ನಿ, ಬಾಗಿಲಲ್ಲಿ ಯಾರೂ ಕೇಳದಂತೆ ನಾನು ನೋಡಿಕೊಳ್ಳುತ್ತೇನೆ. ಮಾರ್ಚ್ 28ರಂದು ವಾಲ್ವ್ ಮತ್ತು ತಲೆಯೊಳಗಿನ ತುಂಡನ್ನು ಮಾತ್ರ ಬದಲಿಸಿದ್ದಾರೆ. ಹೊಟ್ಟೆಯ ಕಡೆಯ ನಳಿಗೆ ಮೊದಲಿನದೇ ಇದೆ. ಅದಕ್ಕೆ ನಂಜು ಹತ್ತಿದರೆ ಹೊಟ್ಟೆ ಉಬ್ಬುತ್ತದೆ, ಸಂಜೆ ಜ್ವರ ಬರುತ್ತದೆ. ಆಮೇಲೆ ಆ ನಂಜು ಮೇಲಕ್ಕೆ, ಮಿದುಳಿಗೆ ಹೋಗುತ್ತದೆ. ಇದು ಜಂತಲ್ಲ.

ಕೇಸು ಹಾಕುವುದಿಲ್ಲ. ಪೊಲೀಸರ ಹೆಸರು ಎತ್ತಿದ್ದು ನನ್ನ ತಪ್ಪು. ಆಗ ನಾನು ಹೆದರಿದ್ದೆ. ನನ್ನ ಪಟ್ಟಿಯಲ್ಲಿ ನಿಮ್ಮ ಮಗಳ ಹೆಸರಿನ ಮುಂದೆ ಮೊದಲು "ಸಾವು" ಎಂದು ಬರೆದೆ. ಆಮೇಲೆ ಅದನ್ನು ಹೊಡೆದು ಪ್ರಶ್ನೆಯ ಗುರುತು ಹಾಕಿದೆ. ಆ ಗುರುತಿನ ಹಿಂದೆ ನಿಮ್ಮ ಬಗ್ಗೆ ಏನೇನು ಅನುಮಾನಪಟ್ಟೆ ಎಂದು ಬರೆಯಲು ನಾಚಿಕೆಯಾಗುತ್ತದೆ.

ಎಣಿಕೆ ಯಾರಿಗಾಗಿ ಎಂದಿರಿ. ಮಾರ್ಚ್ ತಿಂಗಳಲ್ಲಿ ಇಪ್ಪತ್ತೊಂದು ಮಕ್ಕಳಿಗೆ ಇಂಥ ನಳಿಗೆ ಇಟ್ಟಿದ್ದೇವೆ. ಮೂವತ್ತು ದಿನದೊಳಗೆ ಮರು ಆಪರೇಷನ್: ಸೊನ್ನೆ. ವರದಿಯಲ್ಲಿ ಆ ಸೊನ್ನೆಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಆ ಸೊನ್ನೆಯ ಮೇಲೆ ನಂಬಿಕೆ ಬರಲಿಲ್ಲ. ಈ ನಳಿಗೆ ಎಂಥ ಒಳ್ಳೆಯ ಕೈಯಲ್ಲೂ ಒಮ್ಮೊಮ್ಮೆ ಕಟ್ಟಿಕೊಳ್ಳುತ್ತದೆ. ಮಗು ಮರಳಿ ಬಂದರೆ ಅದು ಅವಮಾನವಲ್ಲ, ಏಕೆ ಬಂತೆಂದು ಹುಡುಕಿ ಮುಂದಿನದನ್ನು ತಡೆಯಬಹುದು. ಇಪ್ಪತ್ತೊಂದರಲ್ಲಿ ಒಂದೂ ಮರಳದಿದ್ದರೆ, ಮಕ್ಕಳೆಲ್ಲ ಚೆನ್ನಾಗಿದ್ದಾರೆ ಎಂದೋ, ನಮಗೆ ಕಾಣದ ಕಡೆ ಹೋಗುತ್ತಿದ್ದಾರೆ ಎಂದೋ ಅರ್ಥ. ಎರಡನೆಯದೆಂದು ನನ್ನ ಅನುಮಾನ. ಪುಸ್ತಕದಲ್ಲಿ ನಾವು ಗೆದ್ದಿದ್ದೇವೆ, ನಿಮ್ಮ ಊರುಗಳಲ್ಲಿ ಏನಾಗಿದೆಯೋ ಗೊತ್ತಿಲ್ಲ.

ರಾಡಿ ತೆಗೆಯುವವಳೇ ನಾನು. ಆದರೆ ಒಬ್ಬಳಿಂದ ಆಗುತ್ತಿಲ್ಲ.

ಅನುರಾಧಾ


ಹುಬ್ಬಳ್ಳಿ, ನಿಮ್ಮ ಕಚೇರಿಯ ಹೊರಗಿನ ಬೆಂಚಿನಿಂದ
22 ಅಕ್ಟೋಬರ್ 2009

ಬಾಯಾರೇ,

ಹತ್ತು ಹೆಜ್ಜೆ ಒಳಗೆ ಬಂದರೆ ನೀವು ಸಿಗುತ್ತೀರಿ. ಆದರೂ ಬರೆದೇ ಕೊಡುತ್ತಿದ್ದೇನೆ. ಬಾಯಿಂದ ಹೇಳುವುದಿಲ್ಲ ಎಂದು ಬೀರಪ್ಪ ದೇವರ ಭಂಡಾರದ ಅರಿಶಿನ ಮುಟ್ಟಿ ಆಣೆ ಮಾಡಿದ್ದೇನೆ. ಕೈಯಿಂದ ಬರೆಯುವುದಿಲ್ಲ ಎಂದು ಮಾಡಿಲ್ಲ. ಅವ್ವ ಹಣಮವ್ವ ನನ್ನ ಪಕ್ಕದಲ್ಲೇ ಕೂತಿದ್ದಾಳೆ. "ಏನ್ ಬರಿಯಾಕತ್ತಿ?" ಎಂದಳು. ಆಸ್ಪತ್ರೆಯ ಫಾರ್ಮು ಎಂದೆ.

ಬಾಡಗಂಡಿಯ ತಿಪ್ಪವ್ವ ನನ್ನ ಮಗಳು ಪ್ರೀತಿ. ಇಬ್ಬರಲ್ಲ, ಒಬ್ಬಳೇ.

ನಮ್ಮಲ್ಲಿ ಮಕ್ಕಳು ಉಳಿಯದ ಮನೆಯಲ್ಲಿ ಹೀಗೆ ಮಾಡುತ್ತಾರೆ. ಇವಳಿಗಿಂತ ಮೊದಲು ಒಂದು ಗಂಡುಮಗು ಹೋಗಿತ್ತು. ಮಾರ್ಚ್‌ನಲ್ಲಿ ಇವಳನ್ನು ಇಲ್ಲಿಂದ ಮನೆಗೆ ಕರೆದುಕೊಂಡು ಹೋದ ಒಂದು ವಾರಕ್ಕೆ ವಾಂತಿ ಶುರುವಾಯಿತು, ಕಣ್ಣು ಮೇಲೆ ಹೋಗತೊಡಗಿದವು. ಅವ್ವ, "ಜಡ್ಡು ಹೆಸರು ಹಿಡದು ಹುಡುಕ್ಯಾಡಾಕತ್ತೈತಿ" ಎಂದಳು. ಕೂಸನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲೆ ಇಟ್ಟರು. ನನ್ನ ಹೆಂಡತಿಯ ಅಕ್ಕ ಶೇವಂತಿ ಬಾಡಗಂಡಿಯಿಂದ ಬಂದು, ಗುರುತಿಲ್ಲದವಳ ಹಾಗೆ, "ಇದ್ಯಾರ ಕೂಸಬೇ?" ಎಂದು ಕೇಳಿದಳು. ಯಾರದೂ ಅಲ್ಲ ಎಂದಳು ಅವ್ವ. ಶೇವಂತಿ ಬೆಲೆಯೆಂದು ಒಂದು ಸೇರು ತೌಡು ಸುರುವಿ, "ಹಂಗಾರ ಇದು ನಂದು, ತಿಪ್ಪವ್ವ ಇದರ ಹೆಸರು" ಎಂದು ಎತ್ತಿಕೊಂಡು ತಿರುಗಿ ನೋಡದೆ ಹೋದಳು. ವರ್ಷ ತುಂಬಿದ ಮೇಲೆ ಬೀರಪ್ಪನ ಗುಡಿಯಲ್ಲಿ ಹೆಸರು ಮರಳಿ ಪಡೆಯಬೇಕು. ಅಲ್ಲಿಯತನಕ ಹಳೆಯ ಹೆಸರು ತೆಗೆಯುವಂತಿಲ್ಲ, ಹೆತ್ತವಳು ತಾಯಿ ಎಂದು ಹೇಳಿಕೊಳ್ಳುವಂತಿಲ್ಲ.

ಮೂರು ದಿನಕ್ಕೆ ಮಗು ಎಚ್ಚರ ತಪ್ಪಿತು. ಶೇವಂತಿಯೇ ಇಲ್ಲಿಗೆ ತಂದಳು. ಇಲ್ಲಿ ಹೆಸರು ಕೇಳಿದಾಗ ತಿಪ್ಪವ್ವ ಎಂದಳು, ತಾಯಿ ನಾನೇ ಎಂದಳು. ಮೊದಲು ಎಲ್ಲಿ ಆಪರೇಷನ್ ಆಯಿತೆಂದು ಕೇಳಿದಾಗ, ಇಲ್ಲಿಯೇ ಎಂದರೆ ಹಳೆಯ ಹೆಸರು ಹೊರಬೀಳುತ್ತದೆ ಎಂದು ಪರ ಊರು ಎಂದಳು. ವಾರ್ಡಿನ ಆಯಾ ಒಬ್ಬಳು ಎರಡು ಸಲ ತಿರುಗಿ ನೋಡಿದಳಂತೆ. "ಏನ್ ನೋಡ್ತಿ, ಬೋಳಿಸಿದ ತಲಿ ಎಲ್ಲಾವೂ ಒಂದ ಥರಾ ಇರ್ತಾವು" ಎಂದು ಶೇವಂತಿ ಬಾಯಿ ಮುಚ್ಚಿಸಿದಳಂತೆ. ಅವಳು ಮೋಸ ಮಾಡಲಿಲ್ಲ ಬಾಯಾರೇ. ಮಗು ಉಳಿಯಲಿ ಎಂದು ಮಾಡಿದಳು.

ನಾನು ದಿನಾ ಅಳತೆ ಬರೆಯುವವನು, ನನಗಾದರೂ ತಿಳಿಯಬೇಕಿತ್ತು. ನಿಮ್ಮ ಮೊದಲ ಕಾಗದಕ್ಕೇ ಹೌದು ಎಂದು ಬರೆದಿದ್ದರೆ ಜುಲೈದಲ್ಲೇ ಇವಳ ಹೊಟ್ಟೆ ನೋಡುತ್ತಿದ್ದಿರಿ. ನಿಮ್ಮ ಮೇಲೆ ಅನುಮಾನಪಡುತ್ತಾ ಮಗುವನ್ನು ಮರೆತೆ. ಈಗ ಇಲ್ಲೇ ಶೇವಂತಿಯ ತೊಡೆಯ ಮೇಲಿದ್ದಾಳೆ, ಮೈ ಸುಡುತ್ತಿದೆ. ಅದನ್ನು ಮೊದಲು ನೋಡಿ, ನನ್ನನ್ನು ಆಮೇಲೆ ಬಯ್ಯಿರಿ.

ಸೋಮಲಿಂಗ


ಹುಬ್ಬಳ್ಳಿ, 23 ನವೆಂಬರ್ 2009

ಸೋಮಲಿಂಗ ಅವರೇ,

ಅಂದು ನಿಮ್ಮನ್ನು ತುರ್ತು ವಿಭಾಗಕ್ಕೆ ಕರೆದೊಯ್ದು ಬಿಟ್ಟವಳು ಮತ್ತೆ ಮುಖ ತೋರಿಸಲಿಲ್ಲ ಎಂದು ನೀವು ಅಂದುಕೊಂಡಿರಬಹುದು. ನಿಮ್ಮ ಪತ್ರವನ್ನು ಡಾ. ಪರಮೇಶ ಅವರ ಮೇಜಿನ ಮೇಲಿಟ್ಟೆ. ಓದಿ, ಮಡಚಿ ಡ್ರಾಯರಿನೊಳಗೆ ಇಟ್ಟುಕೊಂಡರು. ಮರುದಿನ ಬೆಳಿಗ್ಗೆಯೇ ನನ್ನನ್ನು ಊರಾಚೆಯ ಹಳೆಯ ಗೋದಾಮಿಗೆ, ಫೈಲು ಜೋಡಿಸಲು ಕಳಿಸಿದರು. ನಾಲ್ಕು ವಾರ ಅಲ್ಲಿದ್ದೆ. ಬಾಯಿ ಮುಚ್ಚಿಸಲು ಮಾಡಿದ ಕೆಲಸ ಎಂದು ಅವರನ್ನು ಮನಸ್ಸಿನಲ್ಲೇ ಶಪಿಸುತ್ತಿದ್ದೆ.

ಮರಳಿ ಬಂದು ಪಟ್ಟಿ ತೆರೆದೆ. ಸೊನ್ನೆಯನ್ನು ಹೊಡೆದು "ಒಂದು" ಎಂದು ಬರೆದು ಕೆಳಗೆ ಸಹಿ ಮಾಡಿದ್ದಾರೆ. ಅಕ್ಷರ ಡಾ. ಪರಮೇಶ ಅವರದೇ. ನನ್ನನ್ನು ಗೋದಾಮಿಗೆ ಕಳಿಸಿದ್ದು ಬೇರೆ ಯಾರೋ, ಏಕೆಂದು ಇನ್ನೂ ತಿಳಿದಿಲ್ಲ. ಡಾ. ಪರಮೇಶ ಉಳಿದ ಇಪ್ಪತ್ತು ಮನೆಗಳಿಗೂ ಜನ ಕಳಿಸಿದ್ದಾರೆ. ಈಗ ಆ ಅಂಕಿ ನಾಲ್ಕಾಗಿದೆ. ಸತ್ತಿದ್ದಾರೆಂದು ನಾನು ಬರೆದಿದ್ದ ಇನ್ನೆರಡು ಮಕ್ಕಳಲ್ಲಿ ಒಂದು ಬದುಕಿದೆ, ಒಂದು ಇಲ್ಲ. ನಂಜಿನ ಕಾರಣವೂ ಸಿಕ್ಕಿದೆ. ಆ ತಿಂಗಳು ಹೊತ್ತು ಉಳಿಸಲೆಂದು ನಳಿಗೆಗಳ ಪೊಟ್ಟಣವನ್ನು ಆಪರೇಷನ್ನಿಗೆ ಬಹಳ ಮುಂಚೆಯೇ ಒಡೆದು ಇಡುತ್ತಿದ್ದರಂತೆ. ಈಗ ಅದನ್ನು ನಿಲ್ಲಿಸಿದ್ದಾರೆ.

ನಿಮ್ಮ ಮಗಳ ಫೈಲು ಓದಿದೆ. ನಂಜು ಹತ್ತಿದ್ದ ನಳಿಗೆಯನ್ನು ಪೂರ್ತಿ ತೆಗೆದು, ಎರಡು ವಾರ ತಲೆಯ ನೀರನ್ನು ಹೊರಗೆ ಬಸಿದು, ಹೊಸ ನಳಿಗೆ ಹಾಕಿದ್ದಾರೆ. ಹದಿನೆಂಟರಂದು ಮನೆಗೆ ಕಳಿಸುವಾಗ ಜ್ವರ ಇರಲಿಲ್ಲ, ನಡೆಯುತ್ತಿದ್ದಳು ಎಂದಿದೆ. ಓದಿ ಕಣ್ಣು ತುಂಬಿ ಬಂತು.

ಆದರೆ ಅದೇ ಫೈಲಿನಲ್ಲಿ ಇನ್ನೊಂದು ಹಾಳೆ ಇದೆ. ಐಸಿಯು ಒಳಗೆ ತಾಯಿಯನ್ನು ಮಾತ್ರ ಬಿಡುವುದು ಇಲ್ಲಿಯ ಕ್ರಮ. ಅಕ್ಟೋಬರ್ 25ರಂದು, "ನನ್ನ ಬದಲು ಶೇವಂತಿಯನ್ನು ಒಳಗೆ ಬಿಡಬೇಕು, ನಾನು ಹೋಗುವುದಿಲ್ಲ" ಎಂಬ ಹೇಳಿಕೆಗೆ ಸಾವಿತ್ರೆವ್ವ ಹೆಬ್ಬೆಟ್ಟು ಒತ್ತಿದ್ದಾರೆ. ಏಳು ತಿಂಗಳಿಂದ ಮಗುವಿನಿಂದ ದೂರವಿದ್ದ ತಾಯಿ ಹೀಗೇಕೆ ಬರೆಸಿಕೊಟ್ಟರು? ನಿಮ್ಮ ತಾಯಿಯವರು ಒತ್ತಾಯ ಮಾಡಿದರೇ? ಶೇವಂತಿ ಮಗುವನ್ನು ಬಿಟ್ಟುಕೊಡಲು ಒಪ್ಪುತ್ತಿಲ್ಲವೇ? ಹಾಗಿದ್ದರೆ ಮುಚ್ಚಿಡಬೇಡಿ. ಈ ಬಾರಿ ನಾನು ಸುಮ್ಮನಿರುವುದಿಲ್ಲ.

ಅನುರಾಧಾ


ಚಿಮ್ಮಡ, 2 ಡಿಸೆಂಬರ್ 2009

ಅನುರಾಧಾ ಬಾಯಾರಿಗೆ,

ಈ ಸಲವೂ ನಿಮ್ಮ ಅನುಮಾನ ತಪ್ಪಿತು. ಯಾರೂ ಒತ್ತಾಯ ಮಾಡಿಲ್ಲ.

ನರ್ಸಬಾಯಿ ಬಾಗಿಲಿಗೆ ಬಂದು, "ಪ್ರೀತಿ ತಾಯಿ ಯಾರು?" ಎಂದು ಕೂಗಿದರು. ಅವ್ವನಿಗೆ ಆಗ ನಾನು ಮಾಡಿದ್ದು ತಿಳಿಯಿತು. ನನ್ನ ಮುಖ ನೋಡಿದಳು. ಬಯ್ಯುತ್ತಾಳೆಂದು ಕಾದೆ. ಸೆರಗಿನ ಗಂಟಿನಲ್ಲಿದ್ದ ಭಂಡಾರ ಬಿಚ್ಚಿ ಸಾವಿತ್ರೆವ್ವನ ಹಣೆಗೆ ಹಚ್ಚಿ, "ಹೋಗು, ನಿನ್ನ ಹೆಸರ ಕರದಾರು" ಎಂದಳು. ಹೆಸರು ಬದಲಿಸಿದ್ದಕ್ಕೇ ಮಗು ಉಳಿಯಿತೆಂದು ಅವ್ವ ಈಗಲೂ ಹೇಳುತ್ತಾಳೆ. ಹೆಸರು ಹೇಳಿದ್ದಕ್ಕೆ ಉಳಿಯಿತೆಂದು ನೀವು ಹೇಳುತ್ತೀರಿ. ನಾನು ಇಬ್ಬರ ಜೊತೆಗೂ ವಾದಕ್ಕೆ ಇಳಿಯುವುದಿಲ್ಲ.

ಸಾವಿತ್ರೆವ್ವ ಓಡಿದಳು ಬಾಯಾರೇ. ಏಳು ತಿಂಗಳು ತನ್ನ ಕೂಸಿನ ಮುಂದೆ ಚಿಗವ್ವ, ಅವ್ವನ ತಂಗಿ, ಎನಿಸಿಕೊಂಡು, ಬಂದ ಬೀಗರ ಹಾಗೆ ಚಹಾ ಕುಡಿದು ಎದ್ದು ಬರುತ್ತಿದ್ದವಳು ಅವಳು. ಗಾಜಿನಲ್ಲಿ ನಾನು ನೋಡುತ್ತಿದ್ದೆ. ಮಗು ಕಣ್ಣು ಬಿಟ್ಟಿತು. "ಚಿಗವ್ವಾ, ನಮ್ಮವ್ವ ಎಲ್ಲಿ?" ಎಂದಿತಂತೆ. ಇವಳು, "ನಾನ ನಿಮ್ಮವ್ವ ಅದೀನಿ ನೋಡವಾ" ಎಂದಳಂತೆ. ಮಗು ಚೀರಿ ಅಳತೊಡಗಿತು. ತಲೆಗೆ ಹಾಕಿದ ನಳಿಗೆ ಅಲುಗಾಡಿತು. ಅತ್ತರೆ ತಲೆಯ ಒತ್ತಡ ಏರುತ್ತದೆ, ಸುಮ್ಮನಾಗಿಸಿ ಎಂದು ನರ್ಸಬಾಯಿ ಕೂಗಿದರು.

ಎರಡು ನಿಮಿಷವೂ ಆಗಿರಲಿಲ್ಲ. ಹೊರಗೆ ಬಂದು ಅಕ್ಕನ ಕೈ ಹಿಡಿದಳು. "ಇಕಿನ್ನ ಒಳಗ ಬಿಡ್ರಿ. ಇಕೀನ ಅಕಿ ಅವ್ವ" ಎಂದಳು. ಶೇವಂತಿ ಒಲ್ಲೆ ಎಂದು ಗೋಡೆಗೆ ಒರಗಿ ಅತ್ತಳು. ಇವಳೇ ನೂಕಿದಳು. ಕಾಗದ ತಂದರು, ಹೆಬ್ಬೆಟ್ಟು ಒತ್ತಿದಳು. ಒಳಗೆ ಮಗು ಸುಮ್ಮನಾಯಿತು. ನಾನು ಗಾಜಿನಿಂದ ಈಚೆ ತಿರುಗಿದೆ.

ಹದಿನೆಂಟನೆಯ ತಾರೀಖು ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಎರಡು ಬಸ್ಸು ನಿಂತಿದ್ದವು, ಒಂದು ನಮ್ಮೂರ ಕಡೆಯ ಬನಹಟ್ಟಿಗೆ, ಒಂದು ಬಾಡಗಂಡಿ ಕಡೆಯ ಬೀಳಗಿಗೆ. ಶೇವಂತಿ ಮಗುವನ್ನು ತಂಗಿಯ ಕೈಗೆ ಕೊಡಲು ಹೋದಳು. ಅದು ದೊಡ್ಡಮ್ಮನ ಕುತ್ತಿಗೆ ಬಿಡಲಿಲ್ಲ. ಸಾವಿತ್ರೆವ್ವ ಹಟ ಮಾಡಲಿಲ್ಲ. ತಲೆಯ ಗಾಯ ಮಾಯುವ ತನಕ ಅಳಿಸುವುದು ಬೇಡ ಎಂದು ತಾನೇ ಇಬ್ಬರನ್ನೂ ಬೀಳಗಿ ಬಸ್ಸಿಗೆ ಹತ್ತಿಸಿ, ಕಿಟಕಿಯ ಪಕ್ಕ ಕೂಡಿಸಿದಳು. ಮಗು ನಕ್ಕು ಕೈ ಬೀಸಿತು.

ಬಸ್ಸು ಹೋದ ಮೇಲೆ ಸಾವಿತ್ರೆವ್ವ ನನ್ನ ಕಡೆ ತಿರುಗಿ, "ಆಸ್ಪತ್ರಿ ಕಾಗದದಾಗ ತಾಯಿ ಹೆಸರು ನಂದ ಐತಿಲ್ರಿ?" ಎಂದು ಕೇಳಿದಳು.

ಐತಿ ಎಂದೆ.

ಎಣಿಕೆ ಒಂದಿರಲಿ, ನಾಲ್ಕಿರಲಿ, ನಿಮಗೆ ಸರಿ ಕಂಡ ಹಾಗೆ ತಿದ್ದಿಕೊಳ್ಳಿ. ಆ ಹೆಸರೊಂದನ್ನು ಮಾತ್ರ ಯಾರೂ ತಿದ್ದದಂತೆ ನೋಡಿಕೊಳ್ಳಿ, ಬಾಯಾರೇ.

ಸೋಮಲಿಂಗ